ಸಿಪ್ಪೆಯ ಲೆಕ್ಕ: ಕಬ್ಬು ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಬ್ಬು ಬೆಳೆಗಾರ ಬಂಧುಗಳಿಗೆ, ಅದರಲ್ಲೂ ಕಾರ್ಖಾನೆಯ ಶೇರು ಪತ್ರವನ್ನು ಟ್ರಂಕಿನ ತಳದಲ್ಲಿ ಮಡಚಿಟ್ಟು ಮರೆತವರಿಗೆ,

ನಾನೂ ನಿಮ್ಮ ಹಾಗೆ ಒಬ್ಬ ಶೇರುದಾರ. ಮೂರು ಎಕರೆ ಕಬ್ಬು, ಐದು ಎಚ್‌ಪಿ ಮೋಟರು, ಮೂವತ್ತು ವರ್ಷ ಬೇರೆಯವರ ಜಮಾ-ಖರ್ಚು ಬರೆದ ಕೈ. ನಿವೃತ್ತಿಯಾದ ಮೇಲೂ ಚಟ ಬಿಟ್ಟಿಲ್ಲ. ಯಾವ ಕಾಗದ ಕೈಗೆ ಬಂದರೂ ಮೊದಲು ಕೊನೆಯ ಸಾಲು ನೋಡುತ್ತೇನೆ.

ಹೋದ ಸಲದ ವಾರ್ಷಿಕ ಸಭೆಯ ವರದಿ ಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ. ಯಾವ ಕಾರ್ಖಾನೆಯದು ಅನ್ನುವುದು ಬೇಡ. ನಿಮ್ಮ ಮನೆಗೆ ಬಂದಿರುವುದೂ ಹೆಚ್ಚುಕಡಿಮೆ ಇಂಥದೇ. ಮೊದಲಿಗೆ ಹಾರ-ತುರಾಯಿಯ ಫೋಟೊಗಳು. ಆಮೇಲೆ ಎಷ್ಟು ಟನ್ ನುರಿಸಿದೆವು, ರಿಕವರಿ ಎಷ್ಟು ಬಂತು, ಸಾಲ ಎಷ್ಟು ತೀರಿತು. ನಡುವೆ ಎಲ್ಲೋ ‘ಸಹವಿದ್ಯುತ್ ಘಟಕದ ಆದಾಯ’ ಎಂದು ಒಂದು ಸಾಲು, ಅದರ ಎದುರಿಗೆ ಒಂದು ಅಂಕಿ. ಮುಖಪುಟದ ಒಳಬದಿಗೆ ಮಾತ್ರ ದೊಡ್ಡ ಅಕ್ಷರದಲ್ಲಿ ‘ನಮ್ಮದು ಹಸಿರು ವಿದ್ಯುತ್’.

ನಾನು ಕೈ ಎತ್ತಿ ಕೇಳಿದೆ. ಯೂನಿಟ್ ಎಷ್ಟು, ಯಾರಿಗೆ ಮಾರಿದಿರಿ, ಏನು ದರಕ್ಕೆ, ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆಯ ಜೊತೆ ಕಲ್ಲಿದ್ದಲು ಸುಟ್ಟಿರೋ ಇಲ್ಲವೋ, ಹೊಳೆಯಿಂದ ನೀರು ಎಷ್ಟು ಎತ್ತಿದಿರಿ? ಮೈಕು ಹಿಡಿದವರು, “ಪ್ರಶ್ನಿ ಚಲೋ ಐತ್ರೀ. ಆಫೀಸಿಗೆ ಬರ್ರಿ, ಕುಂತು ಮಾತಾಡೂಣು” ಅಂದರು. ಅಷ್ಟರಲ್ಲಿ ಊಟದ ಹೊತ್ತಾಯಿತು. ಗೋಧಿ ಹುಗ್ಗಿ ಚಲೋ ಇತ್ತು, ಸುಳ್ಳು ಹೇಳಬಾರದು.

ನಮ್ಮ ಅಜ್ಜನ ಕಾಲಕ್ಕೆ ಇಂಥ ಪ್ರಶ್ನೆ ಏಳುತ್ತಿರಲಿಲ್ಲ. ಬೆಲ್ಲ ಮಹಾಲಿಂಗಪುರದ ಪೇಟೆಗೆ ಹೋಗುತ್ತಿದ್ದ ದಿನಗಳು ಅವು. ಗಾಣದಿಂದ ಬಿದ್ದ ಸಿಪ್ಪೆಯನ್ನು ಅಲ್ಲೇ ಹರವಿ ಒಣಗಿಸಿ ಕೊಪ್ಪರಿಗೆಯ ಒಲೆಗೆ ಒಟ್ಟುತ್ತಿದ್ದರು. ಸಿಪ್ಪೆ ಸಾಲದೆ ಹೊರಗಿನ ಕಟ್ಟಿಗೆ ತರಬೇಕಾಗಿ ಬಂದರೆ ಒಲೆಯ ಮುಂದೆ ಕೂತವನಿಗೆ ಬೈಗಳ, ಉಳಿದರೆ ಅವನಿಗೊಂದು ಬೆಲ್ಲದ ಪೆಂಟಿ ಹೆಚ್ಚು. ಬೂದಿ ಮತ್ತೆ ಅದೇ ಹೊಲಕ್ಕೆ. ಕಬ್ಬು, ಬೆಂಕಿ, ಬೆಲ್ಲ, ಬೂದಿ ನಾಲ್ಕೂ ಒಬ್ಬನ ಕಣ್ಣಳತೆಯಲ್ಲಿ ನಡೆಯುತ್ತಿದ್ದವು.

ಈಗ ಸಿಪ್ಪೆ ಬಹಳ ದೂರ ಹೋಗುತ್ತದೆ. ಹಳೆಯ ಕಾರ್ಖಾನೆಗಳ ಕಡಿಮೆ ಒತ್ತಡದ ಬಾಯ್ಲರುಗಳಲ್ಲಿ ಸಿಪ್ಪೆ ಸುಟ್ಟು ಕಾರ್ಖಾನೆಯ ಸ್ವಂತ ಖರ್ಚು ಕಳೆದರೆ ಸಾಕಾಗಿತ್ತು. ಆಮೇಲೆ ಎರಡು ಕಡೆಯಿಂದ ಬದಲಾವಣೆ ಬಂತು. ಒಂದು ಕಡೆ 67, 87, 110 ಬಾರ್ ಒತ್ತಡದ ಬಾಯ್ಲರುಗಳು. ಇನ್ನೊಂದು ಕಡೆ ಕಾಯ್ದೆ. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರ ಜೂನ್‌ನಲ್ಲಿ ಅದರಿಂದ ಒಡೆದು ಹುಬ್ಬಳ್ಳಿಯ ಹೆಸ್ಕಾಂ ಹುಟ್ಟಿತು. ಮರುವರ್ಷದ ವಿದ್ಯುತ್ ಕಾಯ್ದೆ ಕರೆಂಟು ಹುಟ್ಟಿಸಲು ಲೈಸನ್ಸ್ ಬೇಡ ಅಂದಿತು, ಸಹವಿದ್ಯುತ್ತಿಗೆ ಉತ್ತೇಜನ ಕೊಡಿ ಎಂದು ವಿದ್ಯುತ್ ನಿಯಂತ್ರಣ ಆಯೋಗಗಳಿಗೂ ಹೇಳಿತು. ಹೀಗೆ ಸಕ್ಕರೆ ಮಾಡುವವರು ಕರೆಂಟು ಮಾರುವವರೂ ಆದರು. ಹಂಗಾಮಿನಲ್ಲಿ ರಾತ್ರಿ ಬಸ್ಸಿನಲ್ಲಿ ಬೀಳಗಿಯಿಂದ ಮುಧೋಳ ಹಾದು ಜಮಖಂಡಿಗೆ ಬಂದವರಿಗೆ ಆ ಸಾಲು ದೀಪ, ಆ ಚಿಮಣಿ ಗೊತ್ತು. ಚಿಮಣಿಯ ಕರಿ ಹುಡಿ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ಮೇಲೆ ಇಳಿಯುವುದೂ ಗೊತ್ತು.

ನೂರು ಟನ್ ಕಬ್ಬು ನುರಿಸಿದರೆ 28ರಿಂದ 30 ಟನ್ ಸಿಪ್ಪೆ ಬೀಳುತ್ತದೆ, ಅದರಲ್ಲಿ ಅರ್ಧ ನೀರು. ಒಳ್ಳೆಯ ಬಾಯ್ಲರಿದ್ದರೆ ಒಂದು ಟನ್ ಕಬ್ಬಿನ ಸಿಪ್ಪೆಯಿಂದ ನೂರು ಯೂನಿಟ್ಟಿನ ಆಸುಪಾಸು ಕರೆಂಟು ಹುಟ್ಟುತ್ತದೆ. ಕಾರ್ಖಾನೆ ತನ್ನ ಖರ್ಚಿಗೆ 30-40 ಯೂನಿಟ್ ಇಟ್ಟುಕೊಂಡು ಉಳಿದದ್ದನ್ನು ತಂತಿಗೆ ಬಿಡುತ್ತದೆ. ನಾವು ತೂಕದ ಕಾಟಾದ ಮುಂದೆ ನಿಂತು ಹೊಡೆದಾಡುವುದು ಟನ್ನಿಗೆ, ರಿಕವರಿಗೆ. ಟ್ರ್ಯಾಲಿಯ ಜೊತೆ ಕಾಟಾ ದಾಟಿ ಹೋಗುವ ಯೂನಿಟ್ಟನ್ನು ತೂಗುವ ಕಾಟಾ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

2012ರಲ್ಲಿ ಸಿ. ರಂಗರಾಜನ್ ಸಮಿತಿ ಒಂದು ಸೂತ್ರ ಕೊಟ್ಟಿತು. ಸಕ್ಕರೆ ಮತ್ತು ಉಪ-ಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ 70 ಪಾಲು ಬೆಳೆಗಾರನದು, ಸಕ್ಕರೆ ಒಂದನ್ನೇ ಹಿಡಿದರೆ 75. ಮರುವರ್ಷ ನಮ್ಮ ರಾಜ್ಯವೂ ಆದಾಯ ಹಂಚಿಕೆಯ ಮಾತಿಟ್ಟುಕೊಂಡು ಕಬ್ಬು ಖರೀದಿಯ ಕಾಯ್ದೆ ಮಾಡಿತು, ಕಬ್ಬು ನಿಯಂತ್ರಣ ಮಂಡಳಿ ಬಂತು. ಸಮಿತಿಯ ಸೂತ್ರವನ್ನು ಲೆಕ್ಕಿಗನ ಕಣ್ಣಿಂದ ಓದಿ. ಅಲ್ಲಿ ಉಪ-ಉತ್ಪನ್ನ ಅಂದರೆ ಸಿಪ್ಪೆ, ಮೊಲಾಸಿಸ್, ಪ್ರೆಸ್‌ಮಡ್. ಸಿಪ್ಪೆ ಸಿಪ್ಪೆಯಾಗಿ ಬಿದ್ದಿರುವ ತನಕ ಲೆಕ್ಕದ ಒಳಗೆ. ಬಾಯ್ಲರು ಹೊಕ್ಕು ಕರೆಂಟಾಗಿ ಹೊರಬಂದ ಮೇಲೆ ಲೆಕ್ಕದ ಹೊರಗೆ. ಕಾರ್ಖಾನೆಯವರ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ: ಬಾಯ್ಲರ್ ತಂದವರು ಅವರು, ಟರ್ಬೈನಿನ ಸಾಲದ ಬಡ್ಡಿ ಕಟ್ಟುವವರೂ ಅವರೇ. ಆದರೆ ಕಬ್ಬಿನ ದೇಶವೇ ಆದ ಮಾರಿಷಸ್‌ನಲ್ಲಿ ಸಿಪ್ಪೆಯ ಕರೆಂಟಿನ ಹಣದಿಂದ ಬೆಳೆಗಾರರಿಗೆ ಪಾಲು ಸೇರಲಿ ಎಂದೇ ಒಂದು ನಿಧಿ ಮಾಡಿಕೊಂಡಿದ್ದಾರೆ, ಅಲ್ಲಿಯೂ ಬಾಯ್ಲರು ಬೆಳೆಗಾರನದಲ್ಲ.

2025ರ ನವೆಂಬರ್ ನಿಮಗೆ ಮರೆತಿರಲಾರದು. ಟನ್ನಿಗೆ 3,500 ಬೇಕು ಅಂತ ರಸ್ತೆಗಿಳಿದೆವು. ಕೊನೆಗೆ ಕಟಾವು-ಸಾಗಾಟ ಬಿಟ್ಟು 3,300ರ ಮಾತಾಯಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ನಮ್ಮ ಕಡೆ ಅದಕ್ಕೂ ಸಿಟ್ಟು ಇಳಿಯಲಿಲ್ಲ, ಮಹಾಲಿಂಗಪುರದ ಹತ್ತಿರ ಕಬ್ಬು ತುಂಬಿದ ಟ್ರ್ಯಾಲಿಗಳು ಉರಿದವು. ಆ ರಾತ್ರಿಯ ಬೆಂಕಿಯಿಂದ ಸಕ್ಕರೆಯೂ ಹುಟ್ಟಲಿಲ್ಲ, ಕರೆಂಟೂ ಹುಟ್ಟಲಿಲ್ಲ. ಆ ಎರಡು ವಾರ ಸಕ್ಕರೆಯ ಬೆಲೆ, ರಿಕವರಿ, ಎಥೆನಾಲ್ ಬಗ್ಗೆ ಎಷ್ಟೆಲ್ಲ ಮಾತು ಕೇಳಿದೆ. ನಮ್ಮ ಕಬ್ಬಿನಿಂದ ಹೋದ ಯೂನಿಟ್ ಎಷ್ಟು ಎಂದು ನಮ್ಮ ಕಡೆಯ ಯಾರೂ ಅಂಕಿ ಹಿಡಿದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಕೇಳುವುದು ಹೇಗೆ? ನಮ್ಮ ಹತ್ತಿರ ಅಂಕಿ ಇದ್ದರಲ್ಲವೇ.

ಇಲ್ಲಿಯ ತನಕ ಓದಿ ಖುಷಿಯಾದವರು ಸ್ವಲ್ಪ ತಡೆಯಿರಿ. ಪುಸ್ತಕಕ್ಕೆ ಎರಡು ಬದಿ, ನಾನು ಓದಿದ್ದು ಕಾರ್ಖಾನೆಯ ಬದಿ.

ನಮ್ಮ ಮೂರು ಎಕರೆಯ ಲೆಕ್ಕ ನಾನೇ ಹಾಕಿದೆ. ಒರಟು ಲೆಕ್ಕ, ತಪ್ಪಿದ್ದರೆ ತಿದ್ದಿ. ಎಕರೆಗೆ 40 ಟನ್ ಅಂದರೆ 120 ಟನ್ ಕಬ್ಬು. ಟನ್ನಿಗೆ 65 ಯೂನಿಟ್ ತಂತಿಗೆ ಹೋಯಿತು ಅನ್ನಿ, ಒಟ್ಟು 7,800 ಯೂನಿಟ್. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ ಎನ್ನುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಅಷ್ಟು ಗ್ರಿಡ್ಡಿನ ಕರೆಂಟು ತಪ್ಪಿತು ಎಂದು ಹಿಡಿದರೆ ನನ್ನ ಹೊಲ ಸುಮಾರು ಐದೂವರೆ ಟನ್ ಹೊಗೆ ಉಳಿಸಿತು. ‘ಹಸಿರು ವಿದ್ಯುತ್’ ಎಂದು ಮುಖಪುಟದಲ್ಲಿ ಬರೆಯುವುದು ಈ ಐದೂವರೆ ಟನ್ನಿನ ಹೆಸರಲ್ಲಿ.

ಈಗ ಖರ್ಚಿನ ಬದಿ. ಐದು ಎಚ್‌ಪಿ ಮೋಟರು ತಾಸಿಗೆ ನಾಲ್ಕು ಯೂನಿಟ್ ತಿನ್ನುತ್ತದೆ. ತ್ರೀ ಫೇಸ್ ದಿನಕ್ಕೆ ಏಳು ತಾಸು, ವರ್ಷಕ್ಕೆ 150 ದಿನ: 4,200 ಯೂನಿಟ್, ಅದೇ ದರದಲ್ಲಿ ಸುಮಾರು ಮೂರು ಟನ್ ಹೊಗೆ. ಇನ್ನು ಯೂರಿಯಾ. ಎಕರೆಗೆ ನೂರು ಕೆ.ಜಿ. ಸಾರಜನಕ ಕೊಟ್ಟರೆ ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ ಎಂದು ಲೋಕವೆಲ್ಲ ಹಿಡಿಯುವ ಲೆಕ್ಕ. ಆ ಅನಿಲ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಜೋರು. ಮೂರು ಎಕರೆಗೆ ಅದೊಂದು 1.3 ಟನ್. ಕೊನೆಗೆ ರವದಿ, ಕಬ್ಬಿನ ಒಣ ಸೋಗೆ. ಕಟಾವಾದ ಮೇಲೆ ಕಡ್ಡಿ ಗೀರುತ್ತೇವಲ್ಲ, ಆ ಹೊಗೆಯಲ್ಲಿನ ಮೀಥೇನ್ ಇತ್ಯಾದಿ ಹತ್ತಿರ ಹತ್ತಿರ ಒಂದು ಟನ್. ಕೂಡಿಸಿ: ಉಳಿಸಿದ್ದು ಐದೂವರೆ, ಕಳೆದದ್ದು ಐದರ ಮೇಲೆ.

ಬೆಂಗಳೂರಿನಲ್ಲಿ ಓದುವ ನನ್ನ ಅಳಿಯ ಇದನ್ನು ನೋಡಿ ನಕ್ಕ. “ಮಾಮಾ, ಎಲ್ಲಾ ಖರ್ಚು ಕರೆಂಟಿನ ತಲೀಮ್ಯಾಲೆ ಹಾಕಿದ್ರ ಹೆಂಗ? ಆ ನೀರು ಸಕ್ಕರಿಗೂ ಹೋಗೇತಲ್ಲ, ಎಥೆನಾಲಿಗೂ ಹೋಗೇತಲ್ಲ” ಅಂದ. ಹುಡುಗ ಹೇಳಿದ್ದು ಖರೆ. ಸಕ್ಕರೆ, ಎಥೆನಾಲ್, ಕರೆಂಟು ಮೂರಕ್ಕೂ ಹಂಚಬೇಕು, ಆದಾಯದ ಪ್ರಮಾಣದಲ್ಲಿ ಹಂಚಿದರೆ ಕರೆಂಟಿನ ಪಾಲಿಗೆ ಸಣ್ಣ ತುಂಡು ಬೀಳುತ್ತದೆ, ಸಿಪ್ಪೆಯ ಕರೆಂಟು ಕಲ್ಲಿದ್ದಲಿಗಿಂತ ಬಹಳ ಮೇಲು ಎಂದೇ ಬರುತ್ತದೆ. ನನಗೂ ಅದೇ ನಂಬಿಕೆ. ಆದರೆ ಅವನು ನಕ್ಕದ್ದರಲ್ಲೇ ನನ್ನ ಮಾತೂ ಇದೆ. ಹಂಚಿಕೆ ಹೇಗೆ ಮಾಡಿದೆವು ಎಂದು ಬರೆದಿಟ್ಟ ಪುಟ ಇಲ್ಲದಿದ್ದರೆ ಒಬ್ಬ ಹಸಿರು ಅನ್ನುತ್ತಾನೆ, ಇನ್ನೊಬ್ಬ ಬರೀ ಹೊಗೆ ಅನ್ನುತ್ತಾನೆ, ಇಬ್ಬರನ್ನೂ ತಪ್ಪು ಎನ್ನಲು ಬರುವುದಿಲ್ಲ.

ನೀರಿನ ಮಾತಂತೂ ಇನ್ನೂ ವಿಚಿತ್ರ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸರ್ಕಾರದ ದುಡ್ಡಿಗೆ ಕಾಯದೆ ಕೃಷ್ಣಾ ತೀರದ ರೈತರೇ ಹಣ ಕೂಡಿಸಿ, ಮೈಮುರಿದು ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದಿಲ್ಲಿಗೆ ಹೋಗಿ ಅಲ್ಲಿ ಯಾವ ಖಾತೆಯ ಸಚಿವರಾದರು ಗೊತ್ತೇ? ಕಲ್ಲಿದ್ದಲು! ನೀರು ಹಿಡಿದ ಮನುಷ್ಯನ ಕೈಗೆ ಇದ್ದಿಲು. ಇರಲಿ. ಆ ಬ್ಯಾರೇಜಿನ ಕೆಳಗೆ ಆಲಮಟ್ಟಿಯ ಹಿನ್ನೀರು ಹರಡಿದೆ, ಅದಕ್ಕಾಗಿ ಬೀಳಗಿ ತಾಲ್ಲೂಕು ಎಷ್ಟು ಊರು, ಎಷ್ಟು ಕಪ್ಪು ಭೂಮಿ ಬಿಟ್ಟುಕೊಟ್ಟಿತು ಎಂಬುದು ನಿಮ್ಮಲ್ಲಿ ಅನೇಕರ ಮನೆಯ ಕಥೆ. ಆಲಮಟ್ಟಿಯಲ್ಲಿ ಆ ನೀರನ್ನು ಕೆಳಗೆ ಬಿಟ್ಟು 55 ಮೆಗಾವಾಟಿನ ಐದು, 15ರ ಒಂದು, ಒಟ್ಟು 290 ಮೆಗಾವಾಟಿನ ಟರ್ಬೈನ್ ತಿರುಗಿಸುತ್ತಾರೆ. ಇತ್ತ ದಂಡೆಯ ಮೇಲೆ ಕೂತ ನಾವು ಅದೇ ಹಿನ್ನೀರನ್ನು ಮೋಟರು ಹಚ್ಚಿ, ಮೈಲಿಗಟ್ಟಲೆ ಪೈಪಿನಲ್ಲಿ ಮೇಲೆ ಎತ್ತಿ ಕಬ್ಬಿಗೆ ಹಾಯಿಸುತ್ತೇವೆ. ಆ ಕಬ್ಬಿನ ಸಿಪ್ಪೆ ಮತ್ತೆ ಕರೆಂಟಾಗುತ್ತದೆ. ಇಳಿದ ನೀರು ಕರೆಂಟು, ಏರಿದ ನೀರು ಕರೆಂಟು ತಿಂದದ್ದು, ಅದರಿಂದ ಬೆಳೆದದ್ದೂ ಕರೆಂಟು. ಈ ಸುತ್ತಿನಲ್ಲಿ ಯಾರ ಖಾತೆಯಲ್ಲಿ ಏನು ಉಳಿಯಿತು ಎಂದು ಒಂದೇ ಪುಟದಲ್ಲಿ ಬರೆದವರಿಲ್ಲ. ಹಾಯಿಸಿ ಹಾಯಿಸಿ ಸವಳು-ಜವಳಾಗಿ ಬಿಳಿ ಉಪ್ಪು ಎದ್ದ ಹೊಲಗಳು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲಿಲ್ಲ. ಅವು ಬರೀ ಅಣ್ಣತಮ್ಮಂದಿರ ವಾಟ್ನಿಯಲ್ಲಿ ಬಂದವು, ಸವಳು ಹೊಲ ಯಾರ ಪಾಲಿಗೆ ಅನ್ನುವ ಜಗಳವಾಗಿ.

ಬನಹಟ್ಟಿಯಲ್ಲಿ ನನ್ನ ಅಕ್ಕನ ಮನೆ. ಮಾವ ನೇಕಾರ, ನಾಲ್ಕು ಪವರ್‌ಲೂಮ್. ಅವರ ಮಗ್ಗದ ಕೋಣೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಅಂಕಿಗಳ ಸಾಲಿದೆ. ಬೆಳಿಗ್ಗೆ ಮಗ್ಗ ಹಚ್ಚುವ ಮುಂಚೆ ಮೀಟರ್ ಓದುವುದು, ರಾತ್ರಿ ನಿಲ್ಲಿಸಿದ ಮೇಲೆ ಓದುವುದು. ಯಾವ ನೂಲಿಗೆ, ಯಾವ ಸೀರೆಗೆ ಎಷ್ಟು ಕರೆಂಟು ಅಂತ ಕೇಳಿದರೆ ಬಾಯಲ್ಲೇ ಹೇಳುತ್ತಾರೆ. 2023ರಲ್ಲಿ 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ಕರೆಂಟಿನ ಘೋಷಣೆಯಾದಾಗ ನಾನು, “ಇನ್ನ ಗ್ವಾಡಿಗೆ ಸುಣ್ಣಾ ಹೊಡಸ್ರಿ ಮಾವಾ” ಅಂದೆ. ಅವರು ತಲೆ ಎತ್ತದೆ ಹೇಳಿದ್ದು: “ಪುಕ್ಕಟ ಆದದ್ದು ಬಿಲ್ಲು. ಕರೆಂಟ್ ಎಲ್ಲಿ ಪುಕ್ಕಟ ಆಗೇತಿ?”

ನಮ್ಮ ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ ಬಿಲ್ಲು ಇಲ್ಲದೆ ಹದಿನೈದು ವರ್ಷದ ಮೇಲಾಯಿತು. ಮೀಟರೂ ಇಲ್ಲ. ಮೀಟರ್ ಹಾಕಲು ಬಂದವರನ್ನು ಊರ ಹೊರಗೇ ತಡೆದವರಲ್ಲಿ ನಾನೂ ಒಬ್ಬ. ಇವತ್ತು ಮೀಟರ್, ನಾಳೆ ಬಿಲ್ಲು ಎಂಬ ಅಂಜಿಕೆ ಸುಳ್ಳು ಅಂಜಿಕೆಯಲ್ಲ. ಅದರ ಫಲ ಮಾತ್ರ ನೋಡಿ: ಎಷ್ಟು ಕರೆಂಟು ಸುಟ್ಟೆವು ಅನ್ನುವುದನ್ನು ಹೆಸ್ಕಾಂ ಅಂದಾಜಿನಲ್ಲಿ ಬರೆಯುತ್ತದೆ, ಆ ಅಂದಾಜಿನ ಮೇಲೆ ಸರ್ಕಾರ ಸಹಾಯಧನ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ “ನೀವ ಜಾಸ್ತಿ ಲೋಡ್ ಹಾಕೀರಿ” ಎಂಬ ಮಾತು ಕೇಳಿ ಬಾಯಿ ಮುಚ್ಚಿಕೊಂಡು ಬರುತ್ತೇವೆ. ಹಾಕಿಲ್ಲ ಎಂದು ತೋರಿಸಲು ನಮ್ಮ ಕೈಯಲ್ಲಿ ಒಂದು ಅಂಕಿಯೂ ಇಲ್ಲ.

ಇದೆಲ್ಲ ಈಗಲೇ ಯಾಕೆ ಎಂದರೆ, ಕಾರ್ಖಾನೆಯ ಕರೆಂಟು ವ್ಯಾಪಾರ ಮತ್ತೆ ಮಗ್ಗುಲು ಬದಲಿಸುತ್ತಿದೆ. ಬಿಸಿಲಿನ ಕರೆಂಟು ಅಗ್ಗವಾಯಿತು. ಮಧ್ಯಾಹ್ನದ ಹೊತ್ತು ಸಿಪ್ಪೆಯ ಕರೆಂಟನ್ನು ಹಳೆಯ ದರಕ್ಕೆ ಕೊಳ್ಳಿ ಎಂದರೆ ಯಾವ ಎಸ್ಕಾಂ ಕೊಂಡೀತು? ಆದರೆ ಹೊತ್ತು ಮುಳುಗಿದ ಮೇಲೆ, ಎಲ್ಲರ ಮನೆಯ ದೀಪ, ಟಿವಿ ಒಮ್ಮೆಲೇ ಹತ್ತುವಾಗ, ಬಿಸಿಲು ಇರುವುದಿಲ್ಲ. ಸಿಪ್ಪೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ನುರಿಸುವಾಗ ಆವಿಗಾಗಿ ಬಾಯ್ಲರು ಹಗಲೂ ರಾತ್ರಿ ಉರಿಯಲೇಬೇಕು, ನಿಜ. ಹಂಗಾಮು ಮುಗಿದ ಮೇಲೆ ಉಳಿದ ಸಿಪ್ಪೆಯನ್ನು ಯಾವ ತಾಸಿಗೆ ಸುಡಬೇಕು ಅನ್ನುವುದು ಮಾತ್ರ ಕಾರ್ಖಾನೆಯ ಕೈಯಲ್ಲಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಳೆ ಬತ್ತಿ ಪಂಪು, ಫ್ಯಾನು ಒಟ್ಟಿಗೆ ಓಡುವ ದಿನಗಳಲ್ಲಿ ಆ ಸಂಜೆಯ ಯೂನಿಟ್ಟಿನ ಬೆಲೆಯೇ ಬೇರೆ. 2023ರ ಬರದಲ್ಲಿ, ಅಕ್ಟೋಬರ್‌ನಲ್ಲಿ, ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಹಚ್ಚಿ ರಾಜ್ಯದಲ್ಲಿ ಹುಟ್ಟಿದ ಕರೆಂಟು ರಾಜ್ಯದ ಗ್ರಿಡ್ಡಿಗೇ ಬರಬೇಕು ಎಂದಿತಲ್ಲ, ಇಂಥದೇ ಕೊರತೆಗೆ.

ಇನ್ನೊಂದು ಬಾಗಿಲೂ ತೆರೆಯುತ್ತಿದೆ. ಹಿಂದೆ ಕ್ಯೋಟೊ ಒಪ್ಪಂದದ ಕಾಲದಲ್ಲಿ ನಮ್ಮ ದೇಶದ ಸಿಪ್ಪೆ-ವಿದ್ಯುತ್ ಘಟಕಗಳು ಕಾರ್ಬನ್ ಕ್ರೆಡಿಟ್ ಮಾರಿದ್ದವು. ನನ್ನ ಕಬ್ಬಿನ ಬಿಲ್ಲಿನಲ್ಲಿ ಆ ಹೆಸರಿನ ಕಾಲಂ ನಾನು ಕಂಡಿಲ್ಲ, ನೀವು ಕಂಡಿದ್ದರೆ ತಿಳಿಸಿ. 2023ರಲ್ಲಿ ಕೇಂದ್ರ ಸರ್ಕಾರ ನಮ್ಮದೇ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆ ಪ್ರಕಟಿಸಿದೆ. ಶೇರುಪೇಟೆಯ ಮೊದಲ ಸಾವಿರ ದೊಡ್ಡ ಕಂಪನಿಗಳು 2022-23ರಿಂದ ನೀರು, ಹೊಗೆ, ಕಸ, ಕರೆಂಟಿನ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಕೊಡಲೇಬೇಕು ಎಂದು ಸೆಬಿ ಕಡ್ಡಾಯ ಮಾಡಿದೆ. ನಮ್ಮ ಸುತ್ತಲಿನ ಬಹುಪಾಲು ಕಾರ್ಖಾನೆಗಳು ಶೇರುಪೇಟೆಯ ಮೆಟ್ಟಿಲು ಹತ್ತಿದವಲ್ಲ. ಅವುಗಳಿಂದ ಇಂಥ ಲೆಕ್ಕದ ಪುಟ ಬರೆಸುವವರು ಯಾರಾದರೂ ಇದ್ದರೆ ಸಭೆಯಲ್ಲಿ ಕುರ್ಚಿಯ ಮೇಲೆ ಕೂತ ನಾವು.

ಹಾಗಾಗಿ ಮುಂದಿನ ಸಭೆಯಲ್ಲಿ ನನ್ನ ಜೊತೆ ಇನ್ನೂ ನಾಲ್ಕು ಕೈ ಏಳಲಿ ಎಂದು ಈ ಪತ್ರ. ವರದಿ ಪುಸ್ತಕದಲ್ಲಿ ಫೋಟೊ ಒಂದು ಪುಟ ಕಡಿಮೆಯಾಗಲಿ, ಅಲ್ಲಿ ಇಷ್ಟು ಬರಲಿ: ಹುಟ್ಟಿದ ಯೂನಿಟ್, ಸ್ವಂತಕ್ಕೆ ಬಳಸಿದ್ದು, ಮಾರಿದ್ದು, ಯಾವ ದರಕ್ಕೆ, ಸಿಪ್ಪೆಯಲ್ಲದೆ ಬೇರೆ ಏನು ಸುಟ್ಟರು, ಎಷ್ಟು ಟನ್, ಎತ್ತಿದ ನೀರು, ಹೊರಬಿಟ್ಟ ನೀರು, ಬೂದಿ ಎಲ್ಲಿ ಹೋಯಿತು. ಇದರಲ್ಲಿ ಬಹುತೇಕ ಅಂಕಿ ಅವರ ಹತ್ತಿರ ಈಗಲೇ ಇವೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ, ವಿದ್ಯುತ್ ಕಂಪನಿಗೆ ಕೊಡುತ್ತಾರೆ, ನಮಗಷ್ಟೇ ಕೊಡುವುದಿಲ್ಲ. ಟನ್ನಿಗೆ ಎಷ್ಟು ಯೂನಿಟ್ ಎಂಬ ಒಂದು ಕಾಲಂ ಕಬ್ಬಿನ ಬಿಲ್ಲಿನಲ್ಲೂ ಬಂದರೆ ಇನ್ನೂ ಚಲೋ. ಅದಕ್ಕೆ ಇವತ್ತೇ ದುಡ್ಡು ಕೊಡಿ ಎಂದು ನಾನು ಕೇಳುತ್ತಿಲ್ಲ. ಕಾಲಂ ಇರಲಿ, ಖಾಲಿಯಾದರೂ ಇರಲಿ.

ಅವರು ತಿರುಗಿ, “ನಿಮ್ಮ ಮೋಟರಿಂದ ಎಷ್ಟರೀ?” ಅಂದಾರು. ಅನ್ನಬೇಕು. ಅದಕ್ಕೆಂದೇ ಕಳೆದ ತಿಂಗಳು ನನ್ನ ಪಂಪಿನ ಮನೆಯಲ್ಲಿ ಸ್ವಂತ ದುಡ್ಡಿನಲ್ಲಿ ಒಂದು ಸಣ್ಣ ಮೀಟರು ಹಾಕಿಸಿದ್ದೇನೆ. ಹೆಸ್ಕಾಂನದಲ್ಲ, ನನ್ನದು. ಯಾರೂ ಅದನ್ನು ನೋಡಿ ಬಿಲ್ಲು ಕೊಡಲಾರರು. ಮಾವನ ಹಾಗೆ ಗೋಡೆಯ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರದಲ್ಲೇ ಒಂದು ಸಂಗತಿ ತಿಳಿಯಿತು: ಕಬ್ಬಿಗೆ ನೀರು ಸಾಕಾದ ಮೇಲೂ ಆಟೋ ಸ್ಟಾರ್ಟರಿನ ದಯೆಯಿಂದ ನನ್ನ ಮೋಟರು ರಾತ್ರಿ ಎರಡೂವರೆ ತಾಸು ಸುಮ್ಮನೆ ಓಡುತ್ತಿತ್ತು. ಈಗ ಆಟೋ ಬಿಚ್ಚಿಟ್ಟಿದ್ದೇನೆ. ರವದಿಗೆ ಈ ಸಲ ಕಡ್ಡಿ ಗೀರುವುದಿಲ್ಲ ಎಂದು ಮನೆಯಲ್ಲಿ ಮಾತಾಗಿದೆ. ಕೂಲಿಯವರು ಒಪ್ಪಿಲ್ಲ, ನೋಡಬೇಕು.

ಪಂಪಿನ ಮನೆಗೆ ಕೀಲಿ ಹಾಕುವುದಿಲ್ಲ. ಯಾರಾದರೂ ಬಂದು ಗೋಡೆ ಓದಬಹುದು. ನಡುವೆ ಎರಡು ದಿನದ ಅಂಕಿ ಇಲ್ಲ. ಆ ಎರಡು ದಿನ ತುಳಸಿಗೇರಿಯ ಹನುಮಪ್ಪನ ದರ್ಶನಕ್ಕೆ ಹೋಗಿದ್ದೆ.

ಇಂತಿ,
ಜಮಖಂಡಿ ತಾಲ್ಲೂಕಿನ ಒಬ್ಬ ಬೆಳೆಗಾರ, ನಿವೃತ್ತ ಲೆಕ್ಕಿಗ